ಪ್ರತಿ ವರ್ಷ ಸೋಲುವ ಸೈನ್ಯ

ಮಕ್ಕಳೇ, ಸೋಲುವುದು ನಾವೇ ಎಂದು ಮೊದಲೇ ಗೊತ್ತಿದ್ದರೆ ನೀವು ಆ ಪಕ್ಷಕ್ಕೆ ಸೇರುತ್ತೀರಾ? ‘ಇಲ್ಲಪ್ಪ!’ ಅನ್ನುತ್ತೀರಿ, ಅಲ್ಲವೇ? ಆದರೆ ಸ್ಪೇನ್ ದೇಶದ ಕಾರ್ತಾಹೆನಾ ಎಂಬ ಊರಿನಲ್ಲಿ ಎಷ್ಟೋ ಜನ ಹಾಗೆ ಸೇರುತ್ತಾರೆ. ಅದೂ ವರ್ಷ ವರ್ಷವೂ, ಸಂತೋಷದಿಂದ!

ಕಾರ್ತಾಹೆನಾ ಮೆಡಿಟರೇನಿಯನ್ ಸಮುದ್ರದ ದಂಡೆಯ ಬಂದರು. ಅಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಹತ್ತು ದಿನ ‘ಕಾರ್ತೇಜಿನವರು ಮತ್ತು ರೋಮನರು’ ಎಂಬ ಹಬ್ಬ ನಡೆಯುತ್ತದೆ. 1990ರಲ್ಲಿ ಶುರುವಾದ ಹಬ್ಬವಿದು. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹಳೆಯ ಕಾಲದ ಉಡುಪು ತೊಟ್ಟು ಎರಡು ಪಕ್ಷವಾಗುತ್ತಾರೆ. ಡೇರೆ ಹಾಕಿ ಪಾಳೆಯ ಕಟ್ಟುತ್ತಾರೆ. ಕಾರ್ತೇಜಿನ ವೀರ ಹ್ಯಾನಿಬಲ್‌ಗೂ ರಾಜಕುಮಾರಿ ಹಿಮಿಲ್ಸೆಗೂ ಮದುವೆ ಮಾಡಿಸುತ್ತಾರೆ. ಕೊನೆಗೆ ಯುದ್ಧ!

ನಿಜವಾಗಿ ನಡೆದದ್ದೇನು? ಆಫ್ರಿಕಾದ ಕಾರ್ತೇಜ್ ನಗರದ ಸೇನಾಪತಿ ಹಸ್ದ್ರುಬಲ್, ಕ್ರಿಸ್ತಪೂರ್ವ 227ರ ಸುಮಾರಿಗೆ ಈ ಊರು ಕಟ್ಟಿ ‘ಕಾರ್ತ್ ಹದಾಷ್ತ್’ ಎಂದು ಹೆಸರಿಟ್ಟ. ಹಾಗೆಂದರೆ ‘ಹೊಸ ಊರು’. ಕ್ರಿಸ್ತಪೂರ್ವ 218ರಲ್ಲಿ ಹ್ಯಾನಿಬಲ್ ಇಲ್ಲಿಂದಲೇ ಆನೆಗಳೊಡನೆ ಹೊರಟು, ಆಲ್ಪ್ಸ್ ಪರ್ವತ ದಾಟಿ ರೋಮನರ ನಾಡಿಗೆ ನುಗ್ಗಿದ.

ಅವನು ದೂರದಲ್ಲಿದ್ದಾಗ, ಕ್ರಿಸ್ತಪೂರ್ವ 209ರಲ್ಲಿ, ರೋಮಿನ ಯುವ ಸೇನಾಪತಿ ಸಿಪಿಯೋ ಈ ಊರಿಗೆ ಮುತ್ತಿಗೆ ಹಾಕಿದ. ಊರಿನ ಒಂದು ಬದಿಗೆ ಸಮುದ್ರಕ್ಕೆ ಸೇರಿದ ಹಿನ್ನೀರಿತ್ತು. ಅದು ಆಳವಿಲ್ಲ, ಸಂಜೆ ನೀರು ಇಳಿಯುತ್ತದೆ ಎಂದು ಸಿಪಿಯೋ ಬೆಸ್ತರಿಂದ ಕೇಳಿ ತಿಳಿದಿದ್ದ. ಸೈನ್ಯ ಹೆಬ್ಬಾಗಿಲಲ್ಲಿ ಗದ್ದಲವೆಬ್ಬಿಸಿದಾಗ, 500 ಜನ ಏಣಿ ಹೊತ್ತು ಹಿನ್ನೀರಿನಲ್ಲಿ ನಡೆದು ಕಾವಲಿಲ್ಲದ ಗೋಡೆ ಹತ್ತಿದರು. ಊರು ಬಿತ್ತು.

ಆಮೇಲಿನದು ಆಟವಲ್ಲ, ಮಕ್ಕಳೇ. ಸೈನಿಕರು ಬೀದಿಯಲ್ಲಿ ಎದುರಾದವರನ್ನೆಲ್ಲ ಕೊಂದರು ಎಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಇನ್ನೊಂದು ಮಾತನ್ನೂ ಅವನೇ ಬರೆದಿದ್ದಾನೆ. ಸ್ಪೇನಿನ ಬುಡಕಟ್ಟುಗಳು ತಿರುಗಿ ಬೀಳದಿರಲೆಂದು ಕಾರ್ತೇಜಿನವರು ಅವರ ಮನೆಯವರನ್ನು ಇಲ್ಲಿ ಒತ್ತೆಯಾಗಿ ಇಟ್ಟಿದ್ದರು. 300ಕ್ಕೂ ಹೆಚ್ಚು ಜನ. ಅವರಲ್ಲಿ ಮಕ್ಕಳೂ ಇದ್ದರು. ಸಿಪಿಯೋ ಆ ಮಕ್ಕಳನ್ನು ಹತ್ತಿರ ಕರೆದು, ‘ಹೆದರಬೇಡಿ, ಬೇಗ ಅಪ್ಪ ಅಮ್ಮನನ್ನು ನೋಡುತ್ತೀರಿ’ ಎಂದು ಧೈರ್ಯ ಹೇಳಿ ಉಡುಗೊರೆ ಕೊಟ್ಟನಂತೆ. ಬುಡಕಟ್ಟುಗಳ ಸ್ನೇಹ ಅವನಿಗೂ ಬೇಕಿತ್ತು ಅನ್ನಿ. ಆದರೂ ಮನೆಗೆ ಮರಳುವ ಮಗುವಿಗೆ ಅದಕ್ಕಿಂತ ದೊಡ್ಡ ಗೆಲುವು ಯಾವುದಿದೆ?

ಗೆದ್ದವರು ಊರಿನ ಹೆಸರನ್ನು ‘ಕಾರ್ತಾಗೋ ನೋವಾ’ ಎಂದು ಮಾಡಿದರು. ಲ್ಯಾಟಿನ್‌ನಲ್ಲಿ ನೋವಾ ಎಂದರೆ ಹೊಸದು. ಕಾರ್ತೇಜ್ ಎಂಬ ಹೆಸರಿಗೂ ಹೊಸ ಊರು ಎಂದೇ ಅರ್ಥ. ಅಂದರೆ ‘ಹೊಸ ಹೊಸ ಊರು’! ಸೋತವರ ಮಾತು ಗೆದ್ದವರ ಹೆಸರಿನೊಳಗೇ ಉಳಿಯಿತು. ಇಂದಿನ ಕಾರ್ತಾಹೆನಾದಲ್ಲೂ ಇದೆ.

ಊರು ಕಟ್ಟಿದವರು ಸೋತವರು. ಅದನ್ನು ಬೆಳೆಸಿದವರು ಗೆದ್ದವರು. ರೋಮನರು ಕಟ್ಟಿದ ದೊಡ್ಡ ರಂಗಮಂದಿರ ಮಣ್ಣಿನಡಿ ಹೂತುಹೋಗಿ 1988ರಲ್ಲಿ ಮತ್ತೆ ಸಿಕ್ಕಿತು. ಕಾರ್ತೇಜಿನವರ ಕೋಟೆಗೋಡೆಯ ಭಾಗವನ್ನೂ ಅಲ್ಲಿ ನೋಡಬಹುದು. ಇಬ್ಬರೂ ನಮ್ಮ ಹಿರಿಯರೇ ಎನ್ನುತ್ತದೆ ಈ ಹಬ್ಬ. ಕಾರ್ತೇಜಿನ ಪಕ್ಷದವರು ಸೋಲಲೆಂದು ಬರುವುದಿಲ್ಲ, ಸೋತವರನ್ನು ಊರು ಮರೆಯದಿರಲೆಂದು ಬರುತ್ತಾರೆ.

ಈಗ ಹೇಳಿ, ನೀವು ಯಾವ ಪಕ್ಷ? ಅಜ್ಜ ಅಜ್ಜಿಯನ್ನೂ ಕೇಳಿ ನೋಡಿ.