ಹಸುರು ದೀಪದ ಹಂಚಿಕೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಗರಗಳ ಬಸ್ಸಿನ ದಾರಿಗೂ ಚೆನ್ನಾಗಿ ಒಪ್ಪುತ್ತದೆ. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುಭಾಗವನ್ನು ಬಸ್ಸುಗಳಿಗೆಂದೇ ಮೀಸಲಿರಿಸಿ, 2018ರ ಅಕ್ಟೋಬರಿನಲ್ಲಿ ‘ಚಿಗರಿ’ ಬಸ್ಸುಗಳನ್ನು ಓಡಿಸತೊಡಗಿದರು. ಚಿಗರಿಯೆಂದರೆ ಆ ಸೀಮೆಯ ಮಾತಿನಲ್ಲಿ ಜಿಂಕೆ. ಆದರೆ ಎಂತಹ ಜಿಂಕೆಯಾದರೂ ಚೌಕದ ಕೆಂಪು ದೀಪದೆದುರು ಎತ್ತಿನ ಗಾಡಿಯಂತೆಯೇ ನಿಲ್ಲಬೇಕು. ಮೀಸಲು ದಾರಿಯು ಕೊಟ್ಟ ವೇಗವನ್ನು ದೀಪವು ಕಸಿದುಕೊಳ್ಳಬಲ್ಲದು.

ಹಳೆಯ ಬಗೆಯ ದೀಪವು ಗಡಿಯಾರದ ಆಳು. ವಾಹನ ಬರಲಿ, ಬಾರದಿರಲಿ, ಗೊತ್ತುಮಾಡಿದ ಸೆಕೆಂಡುಗಳು ಮುಗಿದಲ್ಲದೆ ಬಣ್ಣ ಬದಲಿಸದು. ಈ ಕೊರತೆಯನ್ನು ನೀಗಲೆಂದು 1970ರ ದಶಕದಲ್ಲಿ ಸಿಡ್ನಿಯಲ್ಲಿ ‘ಸ್ಕ್ಯಾಟ್ಸ್’, ಬ್ರಿಟನ್ನಿನಲ್ಲಿ ‘ಸ್ಕೂಟ್’ ಎಂಬ ಪದ್ಧತಿಗಳು ರೂಪುಗೊಂಡುವು. ರಸ್ತೆಯೊಳಗೆ ಹುದುಗಿಸಿದ ತಂತಿಯ ಸುರುಳಿಗಳು ವಾಹನಗಳ ಬರವನ್ನು ತಿಳಿಸುತ್ತವೆ. ಗಣಕಯಂತ್ರವು ಅದಕ್ಕೆ ತಕ್ಕಂತೆ ದೀಪದ ಅವಧಿಯನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಬಸ್ಸು ತಾನಿರುವ ನೆಲೆಯನ್ನು ಉಪಗ್ರಹದ ನೆರವಿನಿಂದ ತಿಳಿಸುವಂತಿದ್ದರೆ, ಅದು ಸಮೀಪಿಸಿದಾಗ ಹಸುರನ್ನು ಕೆಲವು ಸೆಕೆಂಡು ಹಿಡಿದಿಡಬಹುದು. ಇಲ್ಲವೆ ಕೆಂಪನ್ನು ಬೇಗನೆ ಮುಗಿಸಬಹುದು.

ನ್ಯಾಯದ ಪ್ರಶ್ನೆ ಏಳುವುದು ಇಲ್ಲಿಯೇ. ಬರಿಯ ವಾಹನಗಳನ್ನು ಎಣಿಸುವ ಯಂತ್ರಕ್ಕೆ ಬಸ್ಸೂ ಒಂದೇ, ಕಾರೂ ಒಂದೇ. ಆದರೆ 60 ಮಂದಿ ಕುಳಿತ ಬಸ್ಸು 40 ಸೆಕೆಂಡು ನಿಂತರೆ, ಅವರೆಲ್ಲರ ಲೆಕ್ಕ ಸೇರಿ 40 ನಿಮಿಷ ಸೋರಿಹೋಗುತ್ತದೆ. ಒಬ್ಬೊಬ್ಬರೇ ಕುಳಿತ ಐದು ಕಾರುಗಳು ಅಷ್ಟೇ ಹೊತ್ತು ನಿಂತರೆ ಸೋರುವುದು ಮೂರು ನಿಮಿಷ, 20 ಸೆಕೆಂಡು ಮಾತ್ರ.

ಹಾಗೆಂದು ಪ್ರತಿಯೊಂದು ಬಸ್ಸಿಗೂ ಹಸುರು ತೋರಿಸುತ್ತ ಹೋದರೆ ಅಡ್ಡರಸ್ತೆಯವರು ಕಾದು ಕಂಗೆಡುವರು. ಅದಕ್ಕೆಂದೇ ಹೊತ್ತಿಗೆ ಸರಿಯಾಗಿ ಬಂದ ಬಸ್ಸನ್ನು ಬಿಟ್ಟು, ತಡವಾದುದಕ್ಕೆ ಮಾತ್ರ ದಾರಿ ಬಿಡುವ ಕ್ರಮವೂ ಉಂಟು. ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಹತ್ತುತ್ತಾರೆ; ಅದು ಇನ್ನಷ್ಟು ತಡವಾಗುತ್ತದೆ; ಹಿಂದಿನ ಬಸ್ಸು ಅರೆ ಬರಿದಾಗಿ ಅದರ ಬೆನ್ನಿಗೇ ಬಂದು ನಿಲ್ಲುತ್ತದೆ. ಸಕಾಲದಲ್ಲಿ ದೊರೆತ ಹತ್ತು ಸೆಕೆಂಡಿನ ಹಸುರು ಈ ಸರಪಳಿಯನ್ನು ಕಡಿಯಬಲ್ಲದು. ಆದರೆ ಆ ಹತ್ತು ಸೆಕೆಂಡನ್ನು ರಸ್ತೆ ದಾಟುವ ಮುದುಕಿಯ ಪಾಲಿನಿಂದ ಕಿತ್ತುಕೊಳ್ಳಬಾರದು. ನಿಲ್ದಾಣವು ರಸ್ತೆಯ ನಡುವೆ ಇದ್ದಲ್ಲಿ, ಬಸ್ಸು ಹತ್ತುವವರೆಲ್ಲರೂ ಮೊದಲು ಪಾದಚಾರಿಗಳೇ ಅಲ್ಲವೇ?

ಯಂತ್ರವು ಲೆಕ್ಕವನ್ನೇನೋ ತಪ್ಪದೆ ಮಾಡೀತು. ಚಕ್ರಗಳನ್ನು ಎಣಿಸಬೇಕೋ, ತಲೆಗಳನ್ನು ಎಣಿಸಬೇಕೋ ಎಂಬುದನ್ನು ಅದಕ್ಕೆ ಹೇಳಿಕೊಡಬೇಕಾದವರು ನಗರವನ್ನು ಆಳುವ ಮನುಷ್ಯರು.