ಇಳಿಯುವ ಹೊತ್ತಿನಲ್ಲಿ ಪೈಲಟ್ ಜತೆ ಮಾತು ಬೇಡ

ಅಮೆರಿಕದಲ್ಲಿರುವ ಮಗನೋ ಅಳಿಯನೋ ‘ಸ್ನೇಹಿತರ ಪುಟ್ಟ ಜೆಟ್‌ನಲ್ಲಿ ಸುತ್ತಾಡಿ ಬಂದೆವು’ ಎಂದು ಫೋಟೊ ಕಳಿಸಿದರೆ ಊರಿನಲ್ಲಿ ಹೆಮ್ಮೆಯೋ ಹೆಮ್ಮೆ. ವಿಮಾನದಲ್ಲಿ ಎಷ್ಟು ಮಂದಿ ಪೈಲಟ್ ಇದ್ದರು ಎಂದು ಕೇಳುವವರು ಕಡಿಮೆ. ಕೇಳಬೇಕಾದದ್ದು ಅದನ್ನೇ.

ಸೆಸ್ನಾ ಸೈಟೇಶನ್ ಮಸ್ಟಾಂಗ್, ಎಂಬ್ರೇಯರ್ ಫಿನಾಮ್ 100, ಹೋಂಡಾಜೆಟ್‌ಗಳಂಥ ಸಣ್ಣ ಜೆಟ್‌ಗಳನ್ನು ಒಬ್ಬರೇ ಹಾರಿಸಲು ಅಲ್ಲಿ ಅನುಮತಿಯಿದೆ. ಕೆಲವೊಮ್ಮೆ ಮಾಲೀಕರೇ ಪೈಲಟ್. ಮೇಲೆ ಹಾರುವಾಗ ಆಟೊಪೈಲಟ್ ಇರುತ್ತದೆ, ಬಿಡುವೂ ಇರುತ್ತದೆ. ಇಳಿಯುವಾಗ ಹಾಗಲ್ಲ. ವೇಗ, ಎತ್ತರ, ಫ್ಲಾಪ್, ಚಕ್ರ, ರೇಡಿಯೊ, ಹವಾಮಾನ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಒಬ್ಬರೇ ನೋಡಿಕೊಳ್ಳಬೇಕು. ಆಗ ಹಿಂದಿನ ಸೀಟಿನಿಂದ ಬಂದ ಒಂದು ಪ್ರಶ್ನೆ ಸಾಕು, ಚೆಕ್‌ಲಿಸ್ಟ್‌ನ ಒಂದು ಸಾಲು ತಪ್ಪಿಹೋಗಲು.

2014ರ ಡಿಸೆಂಬರ್ 8ರಂದು ವಾಷಿಂಗ್ಟನ್ ಸಮೀಪದ ಗೇದರ್ಸ್‌ಬರ್ಗ್‌ನಲ್ಲಿ ಫಿನಾಮ್ 100 ಜೆಟ್ ರನ್‌ವೇ ತಲುಪುವ ಮೊದಲೇ ಮನೆಗಳ ಮೇಲೆ ಬಿತ್ತು. ರೆಕ್ಕೆಗೆ ಮಂಜುಗಡ್ಡೆ ಹಿಡಿಯುವ ಹವೆ ಅದು. ಅದನ್ನು ತೆಗೆಯುವ ವ್ಯವಸ್ಥೆಯನ್ನು ಪೈಲಟ್ ಆನ್ ಮಾಡಿರಲಿಲ್ಲ. ಇಳಿಯಲು ಆರಿಸಿಕೊಂಡ ವೇಗವೂ ಆ ಹವೆಗೆ ಸಾಲದು. ಪೈಲಟ್ ಮತ್ತು ಇಬ್ಬರು ಪ್ರಯಾಣಿಕರು ತೀರಿಕೊಂಡರು. ತಮ್ಮ ಪಾಡಿಗೆ ಮನೆಯೊಳಗಿದ್ದ ತಾಯಿ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳೂ ಬದುಕಲಿಲ್ಲ. ಹರಟೆಯೇ ಕಾರಣ ಎಂದು ತನಿಖೆ ಹೇಳಿಲ್ಲ, ನಿಜ. ಆದರೆ ‘ಸ್ವಿಚ್ ಹಾಕಿದಿರಾ’ ಎಂದು ನೆನಪಿಸಲು ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲಿಲ್ಲ. ಒಬ್ಬರೇ ಹಾರಿಸುವ ಜೆಟ್‌ಗಳಲ್ಲಿ ಇಂಥ ಎಚ್ಚರಿಕೆಯನ್ನು ಯಂತ್ರವೇ ಕೊಡಬೇಕು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಶಿಫಾರಸು ಮಾಡಿತು.

ಇಬ್ಬರಿದ್ದರೆ ಸಾಕೇ? ನಮ್ಮ ಕರಾವಳಿಯ ಗಲ್ಫ್ ಕುಟುಂಬಗಳಿಗೆ ಉತ್ತರ ಗೊತ್ತು. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದದ್ದು ಸಣ್ಣ ಜೆಟ್ ಅಲ್ಲ, ಬೋಯಿಂಗ್ 737. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ಎದ್ದ ಮೇಲೂ ಮಂಪರು ಇಳಿದಿರಲಿಲ್ಲ ಎಂಬುದು ತನಿಖೆಯ ನಿಲುವು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. 158 ಮಂದಿ ಸತ್ತರು, 8 ಮಂದಿ ಉಳಿದರು.

ಹರಟೆಗೆ ಕಡಿವಾಣ ಬಿದ್ದದ್ದು 1981ರಲ್ಲಿ. 1974ರಲ್ಲಿ ಷಾರ್ಲಟ್ ನಗರದ ಬಳಿ ಮಂಜು ಕವಿದಿದ್ದಾಗ, ಈಸ್ಟರ್ನ್ ಏರ್‌ಲೈನ್ಸ್‌ನ ಪೈಲಟ್‌ಗಳು ರಾಜಕೀಯ, ಹಳೇ ಕಾರು ಎಂದು ಮಾತಾಡುತ್ತಲೇ ವಿಮಾನವನ್ನು ನೆಲಕ್ಕೆ ಬಡಿಸಿದ್ದರು. 10,000 ಅಡಿಗಿಂತ ಕೆಳಗೆ ಅನಗತ್ಯ ಮಾತು ಬೇಡ ಎಂಬ ನಿಯಮ ಆಮೇಲೆ ಬಂತು. ಅದು ವಿಮಾನ ಕಂಪನಿಗಳಿಗೆ, ಬಾಡಿಗೆ ವಿಮಾನಗಳಿಗೆ ಅನ್ವಯ. ಸ್ವಂತ ಜೆಟ್ ಹಾರಿಸುವ ಮಾಲೀಕರಿಗೆ ಕಡ್ಡಾಯವಲ್ಲ. ಇದು ದೊಡ್ಡ ಲೋಪ.

ಹಾಗಾಗಿ ಅಂಥ ವಿಮಾನ ಹತ್ತುವ ಮಕ್ಕಳಿಗೆ ಒಂದು ಮಾತು ಹೇಳಿಡಿ. ಕೆಳಗಿಳಿಯಲು ಶುರುವಾದ ಕೂಡಲೇ ಹೆಡ್‌ಸೆಟ್‌ನಲ್ಲಿ ಮಾತು, ಸೆಲ್ಫಿ ಎಲ್ಲ ನಿಲ್ಲಲಿ. ಹತ್ತಿರದಲ್ಲಿ ಬೇರೆ ವಿಮಾನ ಕಂಡರೆ ಮಾತ್ರ ಬಾಯಿ ತೆರೆಯಲಿ.