ಟೈರ್ ದೊಡ್ಡದಾದರೆ ಎಚ್‌ಪಿ ಹೆಚ್ಚುವುದಿಲ್ಲ

ಗಾಡಿಗೆ ದೊಡ್ಡ ಟೈರ್ ಹಾಕಿಸುವ ವಿಚಾರ ಬಂದರೆ ನಮ್ಮ ಹರವೆ ಕಡೆ ಎರಡು ಪಕ್ಷ. ಪವರ್ ಏರುತ್ತದೆ ಎನ್ನುವವರು ಕೆಲವರು, ಎಂಜಿನ್ ಸೊರಗುತ್ತದೆ ಎನ್ನುವವರು ಉಳಿದವರು. ನಾನು ಎರಡನ್ನೂ ಒಪ್ಪುವುದಿಲ್ಲ. ಎಂಜಿನ್ನಿನ ಅಶ್ವಶಕ್ತಿ (ಎಚ್‌ಪಿ) ಇದ್ದಷ್ಟೇ ಇರುತ್ತದೆ; ಚಕ್ರದ ಬಳಿ ಅಳೆದಾಗ ಸಿಗುವ ಅಂಕಿ ಮಾತ್ರ ಬದಲಾಗಬಹುದು. ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ದೊಡ್ಡ ಟೈರಿಗೆ ಗಾಡಿ ಜಾಸ್ತಿ ಓಡುತ್ತೆ, ಅಂದಮೇಲೆ ಎಚ್‌ಪಿ ಏರಿದೆ.’

ಬೊಲೆರೊಗೆ ಕಂಪನಿಯವರು ಕೊಡುವ ಟೈರ್ 215/75 ಆರ್15. ಅದರ ವ್ಯಾಸ ಸುಮಾರು 703 ಮಿ.ಮೀ. 235/75 ಆರ್15 ಹಾಕಿಸಿದರೆ 733 ಮಿ.ಮೀ. ಅಂದರೆ ಒಂದು ಸುತ್ತಿಗೆ ಗಾಡಿ ಶೇ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಎಳೆತ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಎಳೆತವನ್ನು ವೇಗದಿಂದ ಗುಣಿಸಿದರೆ ಬರುವುದೇ ಶಕ್ತಿ. ಒಂದು ಏರಿದಷ್ಟೇ ಇನ್ನೊಂದು ಇಳಿದರೆ ಲಾಭವೆಲ್ಲಿ? ಮೇಲಾಗಿ ಮೀಟರ್ 60 ತೋರಿಸುವಾಗ ಗಾಡಿ ಓಡುತ್ತಿರುವುದು 62ಕ್ಕೂ ಮೇಲೆ.

‘ಡೈನೊ ಮೇಲೆ ಎಚ್‌ಪಿ ಕಮ್ಮಿ ಬಂತು. ಎಂಜಿನ್ ಸೊರಗಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು?’

ಇದು ಗಟ್ಟಿ ವಾದ. ಆದರೆ ಡೈನೊ, ಅಂದರೆ ಗಾಡಿಯ ಶಕ್ತಿ ಅಳೆಯುವ ಯಂತ್ರ, ನಿಜಕ್ಕೂ ಅಳೆಯುವುದು ಏನನ್ನು? ಅನೇಕ ಡೈನೊಗಳಲ್ಲಿ ಚಕ್ರದ ಕೆಳಗೆ ಭಾರವಾದ ಉರುಳೆ ಇರುತ್ತದೆ. ಅದು ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಶಕ್ತಿಯ ಲೆಕ್ಕ. ಬೀಸುವ ಕಲ್ಲನ್ನು ತಿರುಗಿಸಲು ಶುರುಮಾಡುವಾಗಲೇ ತೋಳಿಗೆ ಕಷ್ಟವಲ್ಲವೇ? ಭಾರದ ಚಕ್ರಕ್ಕೆ ವೇಗ ಕೊಡುವುದಕ್ಕೂ ಎಂಜಿನ್ ಹಾಗೆಯೇ ಶಕ್ತಿ ಸುರಿಯಬೇಕು, ಆ ಪಾಲು ಉರುಳೆಗೆ ತಲುಪುವುದೇ ಇಲ್ಲ. ತೂಕವು ರಿಮ್ಮಿನ ಅಂಚಿಗೆ ಸರಿದಷ್ಟೂ ಈ ಖರ್ಚು ಹೆಚ್ಚು. ಟೈರ್ ರಬ್ಬರ್ ಬಾಗಿ ಬಿಸಿಯಾಗುವುದರಲ್ಲೂ ಒಂದಿಷ್ಟು ಹೋಗುತ್ತದೆ. ಗಾಳಿ ಕಮ್ಮಿಯಿದ್ದರೆ ಇನ್ನಷ್ಟು. ಒಂದೇ ವೇಗದಲ್ಲಿ ಹಿಡಿದು ನಿಲ್ಲಿಸಿ ಅಳೆಯುವ ಡೈನೊದಲ್ಲಿ ಚಕ್ರದ ಜಡತ್ವದ ಈ ಖರ್ಚು ಕಾಣುವುದೇ ಇಲ್ಲ. ಎಂಜಿನ್ ನಿಜಕ್ಕೂ ಸೊರಗಿದ್ದರೆ ಅಲ್ಲೂ ಕಾಣಬೇಕಿತ್ತು. ಕಂಪನಿಯವರು ಹೇಳುವ ಎಚ್‌ಪಿಯಂತೂ ಎಂಜಿನ್ನನ್ನಷ್ಟೇ ಬೆಂಚಿನ ಮೇಲಿಟ್ಟು ಅಳೆದದ್ದು. ಅಲ್ಲಿ ಚಕ್ರವೇ ಇರುವುದಿಲ್ಲ.

‘ರಿಮ್ ಇಂಚು ಹೆಚ್ಚಾದರೆ ಪವರ್ ಹೋಯಿತು.’

ಸ್ವಿಫ್ಟ್ ನೋಡಿ. ಕೆಳಗಿನ ಮಾಡೆಲ್ಲಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ರಿಮ್ ಒಂದು ಇಂಚು ದೊಡ್ಡದು, ಟೈರಿನ ಗೋಡೆ ಗಿಡ್ಡ. ಒಟ್ಟು ವ್ಯಾಸದ ಅಂತರ 2 ಮಿ.ಮೀ. ಅಷ್ಟೆ. ಎಂಜಿನ್ ಅದೇ, ಎಚ್‌ಪಿ ಅದೇ.

‘ಹಾಗಾದರೆ ಘಾಟಿಯಲ್ಲಿ ಗಾಡಿ ಯಾಕೆ ಎಳೆಯಲ್ಲ?’

ಅನುಭವ ನಿಜ, ಕಾರಣ ಬೇರೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತುವಾಗ ಬೇಕಾಗುವುದು ಎಳೆತ. ದೊಡ್ಡ ಟೈರ್ ಅದನ್ನೇ ತಗ್ಗಿಸಿದೆ. ಒಂದು ಗೇರ್ ಇಳಿಸಿದರೆ ಗಾಡಿ ಮತ್ತೆ ಎಳೆಯುತ್ತದೆ. ಗೇರ್ ಬದಲಿಸಿದ ಮಾತ್ರಕ್ಕೆ ಮರಳುವುದಾದರೆ ಎಂಜಿನ್ ಶಕ್ತಿ ಎಲ್ಲಿಗೂ ಹೋಗಿರಲಿಲ್ಲ.

‘ದೊಡ್ಡ ಚಕ್ರದಿಂದ ಪ್ರಯೋಜನ ಇಲ್ಲದಿದ್ದರೆ ಟ್ರ್ಯಾಕ್ಟರಿಗೆ ಯಾಕೆ?’

ಪ್ರಯೋಜನವಿಲ್ಲ ಎಂದವರಾರು? ಮಧ್ಯಪ್ರದೇಶದ ಬುದ್ನಿಯ ಪರೀಕ್ಷಾ ಕೇಂದ್ರದಲ್ಲಿ ಟ್ರ್ಯಾಕ್ಟರುಗಳ ಪಿಟಿಒ (ಉಪಕರಣ ತಿರುಗಿಸುವ ದಂಡ) ಶಕ್ತಿಯನ್ನು ಬೇರೆ, ಎಳೆಯುವ ಶಕ್ತಿಯನ್ನು ಬೇರೆ ಅಳೆಯುತ್ತಾರೆ. ಮೊದಲನೆಯದಕ್ಕೆ ಚಕ್ರದ ಹಂಗಿಲ್ಲ. ಎರಡನೆಯದರಲ್ಲಿ ಚಕ್ರ ಜಾರಿದಷ್ಟೂ ನಷ್ಟ. ಅರಿಸಿನದ ಹೊಲ ಉಳುವಾಗ ದೊಡ್ಡ ಚಕ್ರ ಮಣ್ಣು ಕಚ್ಚಿ ಆ ನಷ್ಟವನ್ನು ತಡೆಯುತ್ತದೆ, ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ.

ಇಷ್ಟಾದರೂ ಒಪ್ಪದವರು ಒಂದು ಕೆಲಸ ಮಾಡಲಿ. ಒಂದೇ ಗಾಡಿ, ಒಂದೇ ಡೈನೊ, ಒಂದೇ ಗೇರ್, ಗಾಳಿಯೂ ಸರಿಯಾಗಿರಲಿ. ಎರಡು ಜೊತೆ ಚಕ್ರ ಹಾಕಿ, ಓಡಿಸಿಯೂ ಒಂದೇ ವೇಗದಲ್ಲಿ ಹಿಡಿದೂ ಅಳೆಸಿ ಚೀಟಿ ತರಲಿ. ಅದಿಲ್ಲದೆ ಬರೀ ‘ಇಷ್ಟು ಎಚ್‌ಪಿ’ ಎಂದರೆ ನನ್ನದು ಒಂದೇ ಪ್ರಶ್ನೆ: ಅಳೆದದ್ದು ಎಂಜಿನ್ನಿನಲ್ಲೋ, ಚಕ್ರದಲ್ಲೋ?